ಎತ್ತರಿಸಿದ ಪಿಕಪ್‌ಗಳ ಅಲೈನ್‌ಮೆಂಟ್: ಮುಂದಿನ ತಿಂಗಳಿಂದ ನಮ್ಮ ಕೆಲಸದಲ್ಲಿ ಒಂದು ಬದಲಾವಣೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಪಿಕಪ್ ಎತ್ತರಿಸುವ ಕೆಲಸವನ್ನೂ ಅದರ ಚಕ್ರಗಳ ಕೋನ ಸರಿಹೊಂದಿಸುವ ವೀಲ್ ಅಲೈನ್‌ಮೆಂಟನ್ನೂ ಬೇರೆಬೇರೆಯಾಗಿ ಮಾಡುವುದಿಲ್ಲ. ಎರಡೂ ಸೇರಿ ಒಂದೇ ಕೆಲಸ, ಒಂದೇ ಬಿಲ್ಲು. ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಬಿಡಿಭಾಗಗಳ ಸೆಟ್) ಹಾಕಿಸಿಕೊಂಡು “ಅಲೈನ್‌ಮೆಂಟ್ ನಮ್ಮೂರಲ್ಲೇ ಮಾಡಿಸ್ಕೋತೀನಿ ಬಿಡಿ” ಎಂದು ಗಾಡಿ ಒಯ್ಯಲು ಇನ್ನು ಮುಂದೆ ಕೊಡುವುದಿಲ್ಲ. ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದನ್ನೇ ಸರಿಮಾಡಿ ಗಾಡಿ ಬಿಡುವುದನ್ನೂ ನಿಲ್ಲಿಸುತ್ತಿದ್ದೇವೆ. ಇದರಿಂದ ನಿಮಗೆ ಖರ್ಚು ಹೆಚ್ಚುತ್ತದೆ, ಗಾಡಿ ಒಂದು ದಿನದ ಬದಲು ಎರಡು ದಿನ ನಮ್ಮಲ್ಲಿ ನಿಲ್ಲುತ್ತದೆ. ಕಾರಣ ಏನೆಂದು ವಿವರವಾಗಿ ಹೇಳುವುದು ನಮ್ಮ ಕರ್ತವ್ಯ.

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟಗಳಿಂದ ಬರುವ ಹೈಲಕ್ಸ್, ವಿ-ಕ್ರಾಸ್ ಗಾಡಿಗಳ ಮಾತು ಇದು. ಇವುಗಳಲ್ಲಿ ಹಿಂದೆ ಲೀಫ್ ಸ್ಪ್ರಿಂಗ್, ಮುಂದೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಎರಡು ಆರ್ಮ್‌ಗಳ ನಡುವೆ ಕಾಯಿಲ್ ಸ್ಪ್ರಿಂಗ್. ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಗಾಡಿ ಎತ್ತರಿಸಿದಾಗ ಎರಡರ ಹೊರತುದಿಯೂ ಕೆಳಕ್ಕೆ ಇಳಿಯುತ್ತದೆ. ಆದರೆ ಉದ್ದ ಬೇರೆಯಾದ್ದರಿಂದ ಒಂದು ಇಳಿದಂತೆ ಇನ್ನೊಂದು ಇಳಿಯುವುದಿಲ್ಲ. ಸಾಮಾನ್ಯವಾಗಿ ಚಕ್ರದ ತಲೆ ಹೊರಕ್ಕೆ ವಾಲುತ್ತದೆ, ಅಂದರೆ ಕ್ಯಾಂಬರ್ ಪ್ಲಸ್ ಕಡೆಗೆ ಹೋಗುತ್ತದೆ. ಕ್ಯಾಸ್ಟರ್, ಅಂದರೆ ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಓರೆಯಾಗುವುದರಿಂದ ಟೋ ಕೂಡ ತಪ್ಪುತ್ತದೆ. ಒಂದೇ ಏಟಿಗೆ ಮೂರೂ ಕೋನ ಕೆಡುತ್ತವೆ.

ಗಾಡಿ ಎತ್ತರಿಸಲು ಶಾಕ್ ಅಬ್ಸಾರ್ಬರ್ ಮೇಲೆ ಕೂರಿಸುವ ಸ್ಪೇಸರ್ ಬಿಲ್ಲೆ ನೋಡಲು ಚಿಕ್ಕದು. 25 ಮಿಲಿಮೀಟರ್ ಸ್ಪೇಸರ್ ಹಾಕಿದರೆ ಗಾಡಿ 25 ಮಿಮೀ ಏರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಶಾಕಿನ ಕೆಳತುದಿ ಕೂರುವುದು ಕೆಳ ಆರ್ಮಿನ ಹೆಚ್ಚುಕಡಿಮೆ ನಡುಭಾಗದಲ್ಲಿ. ಆದ್ದರಿಂದ ಅಲ್ಲಿ 25 ಮಿಮೀ ತಳ್ಳಿದರೆ ಚಕ್ರದ ಹತ್ತಿರ 40ರಿಂದ 50 ಮಿಮೀ ಏರಿರುತ್ತದೆ. 50 ಮಿಮೀ ಸ್ಪೇಸರ್ ತಂದು “ಎರಡಿಂಚು ಸಾಕು” ಎನ್ನುವವರು ನಿಜಕ್ಕೂ ಕೇಳುತ್ತಿರುವುದು ಮೂರೂವರೆ ನಾಲ್ಕಿಂಚು. ಅಷ್ಟು ಎತ್ತರಕ್ಕೆ ಆರ್ಮಿನ ತುದಿಯಲ್ಲಿ ಚಕ್ರ ಹಿಡಿಯುವ ಬಾಲ್ ಜಾಯಿಂಟನ್ನಾಗಲಿ, ಆ್ಯಕ್ಸಲ್ ಜಾಯಿಂಟನ್ನಾಗಲಿ ಯಾರೂ ಮಾಡಿಲ್ಲ.

ಕ್ಯಾಸ್ಟರ್ ಕಡಿಮೆಯಾದರೂ ಅದರಿಂದ ಟೈರ್ ಅಷ್ಟಾಗಿ ಸವೆಯುವುದಿಲ್ಲ, ಹಾಗಾಗಿ ಅದನ್ನು ಯಾರೂ ಗಮನಿಸುವುದಿಲ್ಲ. ಗೊತ್ತಾಗುವುದು ಕೈಗೆ. ಚಾರ್ಮಾಡಿಯ ಹೇರ್‌ಪಿನ್ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು, ಬರುವುದಿಲ್ಲ. ನೀವೇ ತಿರುಗಿಸಿ ತರಬೇಕಾಗುತ್ತದೆ. ಹೆದ್ದಾರಿಯಲ್ಲಿ 80 ದಾಟಿದರೆ ಗಾಡಿ ತೇಲಿದ ಹಾಗೆ ಅತ್ತಿತ್ತ ಓಲಾಡುತ್ತದೆ, ಪಕ್ಕದಲ್ಲಿ ಬಸ್ಸು ಹೋದರೆ ಎದೆ ಧಸಕ್ಕೆನ್ನುತ್ತದೆ. ಟೋ ಮಾತ್ರ ಸರಿಮಾಡಿದ ಗಾಡಿಯಲ್ಲಿ ಮೆಷಿನ್ನಿನ ಪರದೆಯ ಮೇಲೆ ಟೋ ಹಸಿರು ಕಂಡರೂ ಈ ತೊಂದರೆ ಹಾಗೇ ಉಳಿದಿರುತ್ತದೆ. “ಅಲೈನ್‌ಮೆಂಟ್ ಮಾಡ್ಸಿದ್ರೂ ಗಾಡಿ ಸರಿ ಹೋಗ್ತಿಲ್ಲ” ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಟೋ ತಪ್ಪಿದರೆ ಟೈರನ್ನೇ ತಿಂದುಹಾಕುತ್ತದೆ. ಒಂದು ಚಕ್ರ ಅರ್ಧ ಡಿಗ್ರಿ ಓರೆಯಾಗಿ ಓಡುತ್ತಿದ್ದರೆ, ಪ್ರತಿ ಕಿಲೋಮೀಟರಿಗೂ ಆ ಟೈರು ಸುಮಾರು 8.7 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. ಇದನ್ನು ನೀವೇ ಪರೀಕ್ಷಿಸಬಹುದು. ಗಾಡಿ ನಿಲ್ಲಿಸಿ ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣ್ಣಗಿದ್ದು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಕೈಗೆ ಚುಚ್ಚಿದರೆ ಟೋ ತಪ್ಪಿದೆ. ಹಲ್ಲಿಲ್ಲದೆ ಹೊರ ಅಂಚು ಮಾತ್ರ ಒಂದೇ ಸಮ ಬೋಳಾಗಿದ್ದರೆ ಕ್ಯಾಂಬರ್ ನೋಡಿಸಬೇಕು.

ಇನ್ನು ಮುಖ್ಯ ವಿಷಯ. ಇವುಗಳಲ್ಲಿ ಕ್ಯಾಂಬರ್, ಕ್ಯಾಸ್ಟರ್ ಸರಿಮಾಡಲು ಕಂಪನಿ ಕೊಟ್ಟಿರುವ ಅವಕಾಶ ಬಹಳ ಚಿಕ್ಕದು. ಹೈಲಕ್ಸಿನ ಕೆಳ ಆರ್ಮಿನ ಬುಡದಲ್ಲಿ ಮುಂದೊಂದು, ಹಿಂದೊಂದು ಕ್ಯಾಮ್ ಬೋಲ್ಟ್ ಇರುತ್ತದೆ. ತಿರುಗಿಸಿದರೆ ಆರ್ಮಿನ ಬುಡ ಕೆಲವು ಮಿಲಿಮೀಟರ್ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಹೊರಕ್ಕೆ ವಾಲಿದ ಚಕ್ರವನ್ನು ನೆಟ್ಟಗೆ ಮಾಡಬೇಕಾದರೆ ಎರಡು ಕ್ಯಾಮ್‌ಗಳನ್ನೂ ಹೊರಕ್ಕೆ ತಳ್ಳಬೇಕು. ಕ್ಯಾಸ್ಟರ್ ಹೆಚ್ಚಿಸಬೇಕಾದರೆ ಕೆಳ ಬಾಲ್ ಜಾಯಿಂಟ್ ಮುಂದಕ್ಕೆ ಬರಬೇಕು. ಅದಕ್ಕೆ ಹಿಂದಿನ ಕ್ಯಾಮ್ ಹೊರಕ್ಕೆ, ಮುಂದಿನ ಕ್ಯಾಮ್ ಒಳಕ್ಕೆ ಹೋಗಬೇಕು. ಕ್ಯಾಂಬರ್ ಮುಂದಿನ ಕ್ಯಾಮನ್ನು ಹೊರಗೆ ಕರೆಯುತ್ತದೆ, ಕ್ಯಾಸ್ಟರ್ ಒಳಗೆ ಕರೆಯುತ್ತದೆ. 30–40 ಮಿಮೀ ಎತ್ತರದವರೆಗೆ ಎರಡಕ್ಕೂ ಹೊಂದುವ ಒಂದು ಜಾಗ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ದಾಟಿದರೆ ಕ್ಯಾಮ್ ತುದಿ ಮುಟ್ಟಿ ನಿಲ್ಲುತ್ತದೆ, ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಎಷ್ಟೇ ಒಳ್ಳೆಯ ಮೆಷಿನ್ ಇರಲಿ, ಎಷ್ಟೇ ಅನುಭವಿ ಮೆಕ್ಯಾನಿಕ್ ಇರಲಿ, ಇಲ್ಲದ ಜಾಗವನ್ನು ಹುಟ್ಟಿಸಲು ಆಗುವುದಿಲ್ಲ.

ಅದಕ್ಕೇ ಮೇಲಿನ ಆರ್ಮ್ ಬದಲಾಯಿಸುವುದು. ಲಿಫ್ಟ್‌ಗೆಂದೇ ಮಾಡಿದ ಮೇಲಿನ ಆರ್ಮಿನಲ್ಲಿ ಬಾಲ್ ಜಾಯಿಂಟ್ ಸ್ವಲ್ಪ ಹಿಂದಕ್ಕೆ ಕೂತಿರುತ್ತದೆ, ಅದರಿಂದ ಕಳೆದುಹೋದ ಕ್ಯಾಸ್ಟರ್ ವಾಪಸ್ ಬರುತ್ತದೆ. ಜಾಯಿಂಟಿನ ಓರೆಯೂ ಹೊಸ ಎತ್ತರಕ್ಕೆ ಹೊಂದುತ್ತದೆ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಕಂಪನಿ ಆರ್ಮ್ ಹೋಗಿ ಕಾಯಿಲ್‌ಗೆ ತಾಗುವ ತೊಂದರೆಯೂ ತಪ್ಪುತ್ತದೆ. ಹೀಗಾಗಿ ನಮ್ಮ ಹೊಸ ಕ್ರಮ ಇಷ್ಟು. ಚಕ್ರದ ಹತ್ತಿರ ಅಳೆದಾಗ 40 ಮಿಮೀವರೆಗಿನ ಲಿಫ್ಟ್ ಆದರೆ ಕಂಪನಿ ಆರ್ಮಿನಲ್ಲೇ ಪ್ರಯತ್ನಿಸುತ್ತೇವೆ. 40ರಿಂದ 50 ಮಿಮೀ ಆದರೆ ಅಳೆದು ನೋಡಿ, ಅಳತೆ ತೋರಿಸಿ, ನಿಮ್ಮ ಒಪ್ಪಿಗೆ ಪಡೆದು ಮುಂದುವರಿಯುತ್ತೇವೆ. 50 ಮಿಮೀ ದಾಟಿದರೆ ಮೇಲಿನ ಆರ್ಮ್ ಕಡ್ಡಾಯ. 75 ಮಿಮೀ ದಾಟುವ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ 50ರ ಮೇಲೆ ಹೋದರೆ ಮುಂದಿನ ಡಿಫರೆನ್ಷಿಯಲ್ಲನ್ನೂ ಸ್ಪೇಸರ್ ಕೊಟ್ಟು ಕೆಳಗಿಳಿಸುತ್ತೇವೆ. ಇಲ್ಲದಿದ್ದರೆ ಆ್ಯಕ್ಸಲಿನ ಓರೆ ಹೆಚ್ಚಿ, ಅದರ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಗ್ರೀಸ್ ಹೊರಬಿದ್ದ ಜಾಗಕ್ಕೆ ಕೆಸರು ಹೊಕ್ಕರೆ ಆ ಜಾಯಿಂಟ್ ಒಂದು ಮಳೆಗಾಲವನ್ನೂ ದಾಟುವುದು ಕಷ್ಟ.

ಮಲೆನಾಡಿನ ಗಾಡಿಗಳಿಗೆ ಇನ್ನೊಂದು ತೊಡಕಿದೆ. ಕ್ಯಾಮ್ ಬೋಲ್ಟು ಆರ್ಮಿನ ಬುಡದ ರಬ್ಬರ್ ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ನಟ್ಟು ಸಡಿಲವಾಗುತ್ತದೆ, ಬೋಲ್ಟು ಮಾತ್ರ ಅಲುಗುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗಿ ರಬ್ಬರ್ ಹರಿಯುತ್ತದೆ. ಆಗ ಎರಡೂ ಬದಿ ಕತ್ತರಿಸಿ, ಹೊಸ ಬೋಲ್ಟು, ಹೊಸ ಬುಷ್ ಹಾಕುವುದೊಂದೇ ದಾರಿ. ಇನ್ನು ಮುಂದೆ ನಾಲ್ಕೂ ಕ್ಯಾಮ್ ಬೋಲ್ಟ್ ತಿರುಗುತ್ತವೆಯೇ ಎಂದು ಲಿಫ್ಟ್ ಕಿಟ್ ಬಿಚ್ಚುವ ಮೊದಲೇ ನೋಡುತ್ತೇವೆ. ತಿರುಗದಿದ್ದರೆ ಆಗಲೇ ನಿಮಗೆ ಫೋನ್ ಮಾಡುತ್ತೇವೆ. ಹೊಸದಾಗಿ ಹಾಕುವ ಪ್ರತಿ ಬೋಲ್ಟಿಗೂ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿಯೇ ಹಾಕುತ್ತೇವೆ.

ಕೆಲಸ ಹೀಗೆ ನಡೆಯುತ್ತದೆ. ಗಾಡಿ ಬಂದ ಕೂಡಲೇ, ಏನನ್ನೂ ಬಿಚ್ಚದೆ, ನಾಲ್ಕೂ ಚಕ್ರದ ಅಳತೆ ತೆಗೆದು ಪ್ರಿಂಟ್ ಇಟ್ಟುಕೊಳ್ಳುತ್ತೇವೆ. ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿನವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆಯುತ್ತೇವೆ. ಟೈರಿನ ಗಾಳಿ ಸಮ ಮಾಡುತ್ತೇವೆ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್‌ಗಳಲ್ಲಿ ಆಟ ಇದೆಯೇ ನೋಡುತ್ತೇವೆ. ಆಟ ಇದ್ದರೆ ಮೊದಲು ಅದು ಸರಿಯಾಗಬೇಕು, ಸಡಿಲ ಜಾಯಿಂಟಿನ ಮೇಲೆ ಮಾಡಿದ ಅಲೈನ್‌ಮೆಂಟ್ ಗೇಟು ದಾಟುವ ತನಕವೂ ನಿಲ್ಲುವುದಿಲ್ಲ. ಕಿಟ್ ಹಾಕಿದ ಮೇಲೆ ಆರ್ಮಿನ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲೆ ತೂಗಾಡುತ್ತಿರುವಾಗ ಬಿಗಿಯುವುದಿಲ್ಲ. ಚಕ್ರ ನೆಲ ಮುಟ್ಟಿ, ಗಾಡಿಯ ಭಾರ ಕೂತ ಮೇಲೆಯೇ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯುತ್ತೇವೆ. ತೂಗಾಡುವಾಗ ಬಿಗಿದರೆ ಬುಷ್ಷಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಗಾಡಿಯ ಎತ್ತರವೂ ಸುಳ್ಳು ತೋರಿಸುತ್ತದೆ. ಈ ಒಂದು ತಪ್ಪಿನಿಂದ ಹಾಳಾಗುವ ಬುಷ್ಷುಗಳಿಗೆ ಲೆಕ್ಕವಿಲ್ಲ, ದಯವಿಟ್ಟು ಬೇರೆಡೆ ಕೆಲಸ ಮಾಡಿಸುವಾಗಲೂ ಇದನ್ನು ಕೇಳಿ ಮಾಡಿಸಿ.

ಆಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರ್ ಕೂಡಿಸಿ, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದರೆ ಟೋ ಅಲುಗುವುದರಿಂದ ಈ ಕ್ರಮ ಬದಲಾಗುವಂತಿಲ್ಲ. ಎತ್ತರಿಸಿದ ಗಾಡಿಗೆ ನಾವು ಇಟ್ಟುಕೊಂಡಿರುವ ಗುರಿ: ಕ್ಯಾಂಬರ್ ಸೊನ್ನೆಯಿಂದ ಮೈನಸ್ ಅರ್ಧ ಡಿಗ್ರಿಯೊಳಗೆ, ಕ್ಯಾಸ್ಟರ್ 2.5 ಡಿಗ್ರಿಗಿಂತ ಕಡಿಮೆ ಇರಕೂಡದು, 3 ಸಿಕ್ಕರೆ ಒಳ್ಳೆಯದು. ಎಡ ಬಲಗಳ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು, ಮೀರಿದರೆ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಎರಡೂ ಚಕ್ರ ಸೇರಿ ಟೋ ಒಳಮುಖವಾಗಿ 0ಯಿಂದ 2 ಮಿಮೀ. ಟೈ ರಾಡ್ ತಿರುಗಿಸುವಾಗ ಸ್ಟೇರಿಂಗ್ ರ‍್ಯಾಕಿನ ಬೂಟಿನ ಕ್ಲಿಪ್ ಸಡಿಲಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಬೂಟು ತಿರುಚಿ ಹರಿಯುತ್ತದೆ. ಕೊನೆಯಲ್ಲಿ ಸ್ಟೇರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರಿನಿಂದ ಸೊನ್ನೆಗೆ ತರುತ್ತೇವೆ. ಗಾಡಿ ನೇರ ಹೋಗುತ್ತಿದ್ದರೂ ಸೆನ್ಸರ್ ‘ತಿರುವು’ ಎಂದು ತಿಳಿದರೆ ಸ್ಟೆಬಿಲಿಟಿ ಕಂಟ್ರೋಲ್ ಬೇಡದ ಹೊತ್ತಿನಲ್ಲಿ ಬ್ರೇಕ್ ಹಿಡಿಯಬಹುದು. ಹೆಡ್‌ಲೈಟನ್ನು ಕೆಳಗಿಳಿಸಿ ಹೊಂದಿಸುವುದೂ ಇದೇ ಬಿಲ್ಲಿನಲ್ಲಿ ಸೇರಿದೆ.

ಹಿಂದಿನ ಆ್ಯಕ್ಸಲನ್ನು ಮರೆಯುವಂತಿಲ್ಲ. ಲೀಫ್ ಸ್ಪ್ರಿಂಗ್ ಬದಲಾಯಿಸುವಾಗಲೋ ಬ್ಲಾಕ್ ಹಾಕುವಾಗಲೋ ಆ್ಯಕ್ಸಲ್ ಒಂದು ಬದಿ ಕೂದಲೆಳೆಯಷ್ಟು ಹಿಂದೆ ಕೂತರೂ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ. ಆದ್ದರಿಂದಲೇ ಎರಡು ಚಕ್ರದ ಅಳತೆ ಸಾಲದು, ನಾಲ್ಕೂ ಬೇಕು.

ಮುಂದೆ ಕಾಯಿಲ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಟಾಟಾ ಕ್ಸೆನಾನ್‌ನಂಥ ಗಾಡಿಗಳನ್ನು ಬೋಲ್ಟು ತಿರುಗಿಸಿ ಏರಿಸಿದವರಿಗೂ ಮೇಲಿನ ಮಾತೆಲ್ಲ ಅನ್ವಯಿಸುತ್ತದೆ. ಮುಂದೆ ಲೀಫ್ ಸ್ಪ್ರಿಂಗ್, ರಿಜಿಡ್ ಆ್ಯಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆ್ಯಕ್ಸಲ್) ಇರುವ ಪಿಕಪ್‌ಗಳ ಕಥೆ ಬೇರೆ. ಅಲ್ಲಿ ಲಿಫ್ಟ್‌ನಿಂದ ಕ್ಯಾಂಬರ್ ಬದಲಾಗುವುದಿಲ್ಲ. ಕ್ಯಾಸ್ಟರ್ ತಪ್ಪಿದ್ದರೆ ಸ್ಪ್ರಿಂಗ್ ಮತ್ತು ಆ್ಯಕ್ಸಲ್ ನಡುವೆ ಓರೆ ಬೆಣೆ ಕೊಟ್ಟು ಸರಿಮಾಡುತ್ತೇವೆ. ಅವುಗಳ ದರ ಈಗಿನಂತೆಯೇ ಮುಂದುವರಿಯುತ್ತದೆ.

ಹೊಸ ಸ್ಪ್ರಿಂಗು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕೂರುತ್ತದೆ. ಹಾಗಾಗಿ 500ರಿಂದ 1000 ಕಿಲೋಮೀಟರಿನೊಳಗೆ ಮತ್ತೊಮ್ಮೆ ಬರಬೇಕು. ಆಗಿನ ಅಳತೆ, ಟೋ ತಿದ್ದುಪಡಿ, ಹಿಂದಿನ ಯು-ಬೋಲ್ಟ್ ಮರುಬಿಗಿತಕ್ಕೆ ಬೇರೆ ಹಣವಿಲ್ಲ. ಇದಕ್ಕೆ ಬಾರದಿದ್ದರೆ ಟೈರ್ ಸವೆತದ ಬಗ್ಗೆ ಆಮೇಲೆ ಬರುವ ದೂರಿಗೆ ನಾವು ಹೊಣೆ ಹೊರಲಾರೆವು.

ಕಾನೂನಿನ ಮಾತೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಿಫ್ಟ್ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ನಿಮ್ಮ ವಿಮಾ ಕಂಪನಿಯಲ್ಲೂ ವಿಚಾರಿಸಿ ಬನ್ನಿ. ತೋಟದ ರಸ್ತೆಗೆ ನೆಲದಿಂದ ಸ್ವಲ್ಪ ಜಾಗ ಹೆಚ್ಚು ಸಿಕ್ಕರೆ ಸಾಕು ಎನ್ನುವವರು ಹಲವರಿದ್ದೀರಿ. ಹಳೆಯ ಸ್ಪ್ರಿಂಗು ಕುಸಿದಿದ್ದರೆ ಕಂಪನಿಯ ಹೊಸ ಸ್ಪ್ರಿಂಗನ್ನೇ ಹಾಕಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನಮ್ಮನ್ನು ಕೇಳಿದರೆ ಮೊದಲು ಅದನ್ನೇ ಹೇಳುತ್ತೇವೆ.

ಬರುವಾಗ ಗಾಡಿ ದಿನಾ ಓಡುವ ಸ್ಥಿತಿಯಲ್ಲೇ ಇರಲಿ. ಸ್ಟೀಲ್ ಬಂಪರ್, ವಿಂಚ್ ಹಾಕಿಸುವ ಯೋಚನೆ ಇದ್ದರೆ ಅಲೈನ್‌ಮೆಂಟಿಗೆ ಮೊದಲೇ ಹಾಕಿಸಿ, ಆ ಭಾರಕ್ಕೆ ಮುಂಭಾಗ ಕೂರುತ್ತದೆ. ಹಿಂದೆ ಸದಾ ಇರುವ ಟೂಲ್ ಬಾಕ್ಸ್ ಇಳಿಸಬೇಡಿ. ಗೊಬ್ಬರದ ಮೂಟೆ, ಕಾಫಿ ಚೀಲ ಇದ್ದರೆ ಇಳಿಸಿ ಬನ್ನಿ. ಡೀಸೆಲ್ ಅರ್ಧ ಟ್ಯಾಂಕ್ ಇರಲಿ. ಚಕ್ರದ ಸುತ್ತಲಿನ ಕೆಸರು ತೊಳೆಸಿಕೊಂಡು ಬಂದರೆ ನಮ್ಮ ಹುಡುಗರಿಗೆ ಅರ್ಧ ಗಂಟೆ ಉಳಿಯುತ್ತದೆ.

ಇದುವರೆಗೆ ನಮ್ಮಲ್ಲಿ ಲಿಫ್ಟ್ ಮಾಡಿಸಿ ಟೋ ಮಾತ್ರ ಹೊಂದಿಸಿಕೊಂಡು ಹೋದವರೆಲ್ಲರೂ ದಯವಿಟ್ಟು ಒಮ್ಮೆ ಗಾಡಿ ತನ್ನಿ. ಮೂರೂ ಕೋನಗಳ ಅಳತೆ ತೆಗೆದು ಪ್ರಿಂಟ್ ಕೊಡುತ್ತೇವೆ, ಅದಕ್ಕೆ ಹಣ ಬೇಡ. ಕ್ಯಾಮ್‌ನಲ್ಲೇ ಸರಿಹೋಗುವುದಾದರೆ ಅದನ್ನೂ ಉಚಿತವಾಗಿ ಮಾಡಿಕೊಡುತ್ತೇವೆ. ಆರ್ಮ್ ಬೇಕಾದರೆ ಬಿಡಿಭಾಗದ ಬೆಲೆ ಮಾತ್ರ, ಕೂಲಿ ಇಲ್ಲ. ಹೊಸ ದರಪಟ್ಟಿ ಕೌಂಟರಿನಲ್ಲಿದೆ. ಒಂದು ದಿನಕ್ಕೆ ಒಂದೇ ಗಾಡಿ ತೆಗೆದುಕೊಳ್ಳುವುದರಿಂದ ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಎಲ್ಲರೂ