ಮೇ ತಿಂಗಳಲ್ಲಿ 'ಈಗಷ್ಟೇ ಕೊಯ್ದ' ಸೇಬು: ಒಂದು ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಹಿಟ್ಟಾದ ರಾಯಲ್ ಡೆಲಿಷಿಯಸ್ ಸೇಬು ಮತ್ತು ಪ್ಯಾಕ್ ಮೇಲಿನ ತಪ್ಪು ಮಾಹಿತಿ

ಮಾನ್ಯರೇ,

ಮೇ ಎರಡನೇ ವಾರ ನಿಮ್ಮ ಆ್ಯಪ್‌ನಿಂದ ಎರಡು ಕೆಜಿ ರಾಯಲ್ ಡೆಲಿಷಿಯಸ್ ತರಿಸಿದೆ. 'ಹಿಮಾಚಲದ ತೋಟದಿಂದ ಈಗಷ್ಟೇ ಕೊಯ್ದದ್ದು' ಎಂದು ಬರೆದಿದ್ದಿರಿ. ಹಣ್ಣು ನೋಡೋಕೆ ಚೆನ್ನಾಗೇ ಇತ್ತು. ಕಡುಗೆಂಪು, ಫಳಫಳ ಹೊಳಪು, ಬುಡದಲ್ಲಿ ಆ ಐದು ಉಬ್ಬು. ಆದರೆ ಚಾಕು ಇಟ್ಟರೆ ಸದ್ದೇ ಇಲ್ಲದೆ ಇಳಿಯಿತು. ಒಳಗೆ ರಸವಿಲ್ಲ, ಬೀಜದ ಸುತ್ತ ಕಂದು ಬಣ್ಣ. ತಿಂದರೆ ನೆನೆದ ರವೆ ಬಾಯಿಗೆ ಹಾಕಿಕೊಂಡ ಹಾಗೆ. ಮನೆಯಲ್ಲಿ ಅದು ಹಿಡಿಸಿದ್ದು ಹಲ್ಲಿಲ್ಲದ ನಮ್ಮ ಅಜ್ಜಿಗೆ ಮಾತ್ರ.

ಫೋನ್ ಮಾಡಿದಾಗ ನಿಮ್ಮವರು 'ಈ ತಳಿಯೇ ಹಾಗೆ ಮೇಡಂ' ಅಂದರು. ಹಾಗಲ್ಲ. ಡೆಲಿಷಿಯಸ್ ಜಾತಿಯಲ್ಲಿ ಹುಳಿ ಕಮ್ಮಿ, ಸಿಹಿ ಜಾಸ್ತಿ, ಸಿಪ್ಪೆ ದಪ್ಪ. ತಾಜಾ ಇದ್ದಾಗ ಅದೂ ಕರಕರ ಅನ್ನುತ್ತದೆ. ಗ್ರಾನಿ ಸ್ಮಿತ್, ಫ್ಯೂಜಿಯಂಥ ಬೇರೆ ಸೇಬಿನ ತಳಿಗಳಿಗಿಂತ ಬೇಗ ಹಿಟ್ಟಾಗುತ್ತದೆ ಅನ್ನೋದು ನಿಜ. ಹಾಗಿದ್ದ ಮೇಲೆ ನೀವು ಇನ್ನೂ ಹೆಚ್ಚು ಜೋಪಾನ ಮಾಡಬೇಕು, ಅಲ್ವಾ?

1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ನರು ತಮ್ಮ ದೇಶದಿಂದ ಸಸಿ ತಂದು ಹಿಮಾಚಲದ ಕೋಟ್‌ಗಢದಲ್ಲಿ ನೆಟ್ಟ ಜಾತಿ ಇದು. ಹಿಮಾಚಲದಲ್ಲಿ ಸೇಬಿನ ಕೊಯ್ಲು ಜುಲೈ ಹೊತ್ತಿಗೆ ಶುರು, ಎತ್ತರದ ಕಿನ್ನೌರ್‌ನಲ್ಲಿ ಅಕ್ಟೋಬರ್ ತನಕ. ಮೇನಲ್ಲಿ ಅಲ್ಲಿನ ಮರದಲ್ಲಿರೋದು ಕಾಯಿ. ಅಂದರೆ ನೀವು ಕೊಟ್ಟದ್ದು ಹಿಂದಿನ ವರ್ಷದ ಹಣ್ಣು. ಅದಕ್ಕೆ ನನ್ನ ತಕರಾರಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಆಮ್ಲಜನಕ ತೀರಾ ಕಮ್ಮಿ ಮಾಡಿದ ಕೋಣೆಯಲ್ಲಿಟ್ಟರೆ ಸೇಬು ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಅಲ್ಲಿಂದ ಹೊರಬಂದ ಮೇಲೆ ಬಿಸಿಲಲ್ಲಿ ಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು. ನಿಮ್ಮ ಹುಡುಗ ತಂದ ಚೀಲ ಬೆಚ್ಚಗಿತ್ತು.

ಇನ್ನು ಪ್ಯಾಕ್ ಮೇಲಿನ ಸಲಹೆ: 'ಬಾಳೆಹಣ್ಣಿನ ಜೊತೆ ಬುಟ್ಟಿಯಲ್ಲಿಡಿ'. ಯಾರು ಬರೆದರೋ! ಎರಡೂ ಎಥಿಲೀನ್ ಅನಿಲ ಬಿಡುತ್ತವೆ, ಒಂದನ್ನೊಂದು ಬೇಗ ಮಾಗಿಸುತ್ತವೆ. ಸೇಬನ್ನು ತೊಳೆಯದೆ, ತೂತಿರುವ ಕವರ್‌ನಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ ಅನ್ನಬೇಕಿತ್ತು. ಸೊಪ್ಪು, ಕ್ಯಾರೆಟ್‌ನಿಂದ ದೂರ ಇಡಿ ಅಂತಲೂ ಹೇಳಬೇಕಿತ್ತು. ಅದೇ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ.

ಪ್ಯಾಕ್ ಮೇಲಿನ 'ವಿಟಮಿನ್ ಸಿ ಭಂಡಾರ' ಅನ್ನೋದನ್ನೂ ತೆಗೆಯಿರಿ. 100 ಗ್ರಾಂ ಸೇಬಿನಲ್ಲಿ ಅದು ಸುಮಾರು 5 ಮಿಲಿಗ್ರಾಂ. ಸೀಬೆಹಣ್ಣಿನಲ್ಲಿ 200 ದಾಟುತ್ತದೆ. ಸೇಬಿನ ಒಳ್ಳೆಯ ಗುಣ ಹೇಳಬೇಕೆಂದರೆ ನಾರಿನ ಬಗ್ಗೆ ಹೇಳಿ: ಸಿಪ್ಪೆ ಸಮೇತ ತಿಂದರೆ 100 ಗ್ರಾಂಗೆ ಎರಡು ಗ್ರಾಂಗಿಂತ ಜಾಸ್ತಿ, ಕ್ಯಾಲೊರಿ ಬರೀ 52ರ ಆಸುಪಾಸು.

ಈ ಎರಡು ಕೆಜಿಯ ಹಣ ವಾಪಸ್ ಮಾಡಿ. ಕೂಪನ್ ಬೇಡ. ಪ್ಯಾಕ್ ಮೇಲೆ ಕೊಯ್ಲಿನ ತಿಂಗಳು ಮತ್ತು ಶೈತ್ಯಾಗಾರದಿಂದ ತೆಗೆದ ದಿನ ಹಾಕಿ, ಇಡುವ ಕ್ರಮ ತಿದ್ದಿ. ಹಣ್ಣಿನ ಫೋಟೊ, ಬಿಲ್ ಲಗತ್ತಿಸಿದ್ದೇನೆ. ಹತ್ತು ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇತಿ,
ನಿಮ್ಮ ಗ್ರಾಹಕಿ
ಜಯನಗರ, ಬೆಂಗಳೂರು