ಹಿಮಾಚಲ ಚಾರಣ: ಹಳ್ಳ ದಾಟುವ ಬಗ್ಗೆ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರ ಮೈಸೂರಿನಿಂದ ಹೊರಡುವವರಿಗೆ ಈ ಸೂಚನೆ. ಮೊದಲ ಸಲ ಬರುವವರು ದಯವಿಟ್ಟು ಎರಡು ಸಲ ಓದಿ.

ಅಲ್ಲಿನ ಹಳ್ಳಗಳು ನಮ್ಮ ಕೊಡಗಿನ ತೊರೆಗಳ ಹಾಗಲ್ಲ. ಮಳೆ ಇಲ್ಲದಿದ್ದರೂ ಬಿಸಿಲಿಗೆ ಹಿಮ ಕರಗಿ, ಬೆಳಿಗ್ಗೆ ಮೊಣಕಾಲಿನ ಕೆಳಗಿದ್ದ ನೀರು ಮಧ್ಯಾಹ್ನ ತೊಡೆವರೆಗೂ ಏರಬಹುದು. ಅದಕ್ಕೇ ನಸುಕಿನಲ್ಲೇ ಹೊರಡುತ್ತೇವೆ, ಯಾರೂ ತಡ ಮಾಡಬೇಡಿ.

ನೀರಿಗೆ ಇಳಿಯುವ ಮೊದಲು ಬ್ಯಾಗಿನ ಸೊಂಟದ ಬೆಲ್ಟ್, ಎದೆಯ ಬೆಲ್ಟ್ ಎರಡನ್ನೂ ಬಿಚ್ಚಿ. ಬಿದ್ದರೆ ಬ್ಯಾಗ್ ತಕ್ಷಣ ಕಳಚಬೇಕು, ಇಲ್ಲದಿದ್ದರೆ ಅದೇ ನಿಮ್ಮನ್ನು ನೀರಿನೊಳಗೆ ಒತ್ತಿ ಹಿಡಿಯುತ್ತದೆ. ಬರಿಗಾಲು ಬೇಡವೇ ಬೇಡ, ಆ ತಣ್ಣೀರಿಗೆ ಪಾದ ಮರಗಟ್ಟಿ ಕಲ್ಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಹಳ್ಳ ಅಗಲವಾಗಿ ಹರಡಿದ ಕಡೆ ದಾಟಿ. ಕಿರಿದಾದ ಕಡೆ ಸುಲಭ ಅನ್ನಿಸುತ್ತದೆ ಅಲ್ವಾ, ಆದರೆ ಸಾಮಾನ್ಯವಾಗಿ ಅಲ್ಲೇ ಆಳ, ಸೆಳೆತ ಜಾಸ್ತಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೇ ಇನ್ನೊಂದನ್ನು ಎತ್ತಿ. ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳಿದರೆ ಇಳಿಯಬೇಡಿ, ಮರುದಿನ ಬೆಳಿಗ್ಗೆವರೆಗೂ ಬೇಕಾದರೆ ಕಾಯೋಣ.

ಈ ಭಾನುವಾರ ಬೆಳಿಗ್ಗೆ 6ಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ಅಭ್ಯಾಸ. ತುಂಬಿದ ಬ್ಯಾಗ್, ಕೋಲು ತನ್ನಿ. ಮಂಡ್ಯದವರೂ ಸೇರಿ ಎಲ್ಲರೂ ಶುಕ್ರವಾರದೊಳಗೆ ಬರ್ತೀರೋ ಇಲ್ಲವೋ ಇಲ್ಲೇ ತಿಳಿಸಿ. ಈಜು ಬಾರದವರು, ಮೊಣಕಾಲು ನೋವಿರುವವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ.