ಬುಧವಾರದ ಕೂಟಕ್ಕೆ ಮುಂಚೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಈ ಬುಧವಾರ ಸಂಜೆ 7 ಗಂಟೆಗೆ ಬೈಬಲಿನ ಮಾರ್ಕನ ಸುವಾರ್ತೆ 4ನೇ ಅಧ್ಯಾಯದ 26ರಿಂದ 29ನೇ ವಚನ ಓದೋಣ. ನಾಲ್ಕೇ ವಚನ, ಮನೆಯಲ್ಲಿ ಒಂದು ಸಲ ನೋಡಿಕೊಂಡು ಬನ್ನಿ.

ರೈತ ಬೀಜ ಬಿತ್ತುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಪೈರು ಹೇಗೆ ಬೆಳೆಯಿತು ಅಂತ ಅವನಿಗೇ ಗೊತ್ತಾಗುವುದಿಲ್ಲ. ನಂಬಿಕೆಯೂ ಹೀಗೇ ಅಲ್ವಾ?

ಮೊನ್ನೆ ಬೆಳಿಗ್ಗೆ ಹಾಲು ಉಕ್ಕಿ ಸ್ಟವ್ ಎಲ್ಲಾ ಗಲೀಜಾಯಿತು. ಅದೇ ಹೊತ್ತಿಗೆ ಮಗನ ಸ್ಕೂಲ್ ಬ್ಯಾಗ್ ಸಿಗಲಿಲ್ಲ. ಸುಮ್ನೆ ಅವನ ಮೇಲೆ ಕೂಗಾಡಿಬಿಟ್ಟೆ. ಮುಂಚೆಯಾಗಿದ್ದರೆ ಸಂಜೆವರೆಗೂ ಮುಖ ಊದಿಸಿಕೊಂಡಿರುತ್ತಿದ್ದೆ. ಈ ಸಲ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಗೇಟಿನವರೆಗೆ ಓಡಿ, "ತಪ್ಪಾಯ್ತು ಕಣೋ" ಅಂದೆ. ಅವನು ನಕ್ಕ. ಎಷ್ಟೋ ವರ್ಷದ ಪ್ರಾರ್ಥನೆಗೆ ಉತ್ತರ ನನಗೆ ಕಂಡಿದ್ದು ಅಲ್ಲೇ.

ಯೇಸುವಿನ ಶಿಷ್ಯ ಪೇತ್ರನನ್ನೂ ನೆನೆಸಿಕೊಳ್ಳಿ. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಹೇಳಿದವನು. ಕರ್ತನು ಅವನಿಗೆ ತಿಬೇರಿಯ ಸಮುದ್ರದ ದಡದಲ್ಲಿ ಮೀನು, ರೊಟ್ಟಿ ಕೊಟ್ಟು, ಆಮೇಲೆ ತನ್ನ ಕುರಿಗಳನ್ನು, ಅಂದರೆ ತನ್ನನ್ನು ನಂಬಿದವರನ್ನು, ನೋಡಿಕೊಳ್ಳಲು ಒಪ್ಪಿಸಿದನು (ಯೋಹಾನ 21).

ಈ ವಾರ ನಿಮಗೆ ಕಷ್ಟವಾದ ಒಂದು ವಿಷಯ ನೆನಪಿಟ್ಟುಕೊಂಡು ಬನ್ನಿ. ಗೆದ್ದದ್ದೇ ಆಗಬೇಕಿಲ್ಲ. ಗುಂಪಿನಲ್ಲಿ ಹೇಳಲು ಸಂಕೋಚವಾದರೆ ನನಗೊಬ್ಬಳಿಗೇ ಮೆಸೇಜ್ ಮಾಡಿ, ಪ್ರಾರ್ಥನೆ ಮಾಡುತ್ತೇನೆ.